ಎದ್ದು ನಿಲ್ಲುವವರು

೨೦೨೫ರ ಜುಲೈ ೧೫, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ಐದು ನಿಮಿಷ. ಪೀಣ್ಯದಲ್ಲಿ ತಗಡು ಒತ್ತಿ ಬಿಡಿಭಾಗ ಮಾಡುವ ಪ್ರೆಸ್ ಶಾಪೊಂದರ ಹಿಂಬದಿಯ ಶೆಡ್ಡಿನಲ್ಲಿ, ಟಿಫಿನ್ ಡಬ್ಬಿಗೆ ಒರಗಿಸಿಟ್ಟ ಶಾಂತಿಯ ಫೋನಿನೊಳಗೆ, ಲಾಯರ್ ಶ್ರೀಕಂಠಯ್ಯ ಕನ್ನಡಕ ತೆಗೆದು ಒರೆಸುತ್ತಿದ್ದರು. ಅವರು ಕನ್ನಡಕ ತೆಗೆದರೆಂದರೆ ಕೊಲೆಗಾರ ಸಿಕ್ಕಿಬೀಳುವ ಹೊತ್ತು ಬಂತು ಎಂದು ಸುತ್ತ ಕುಳಿತವರಿಗೆಲ್ಲ ಗೊತ್ತಿತ್ತು.

‘ಕೋರ್ಟ್ ಹಾಲ್ ನಂಬರ್ ಏಳು’ ಅವರಲ್ಲಿ ಅರ್ಧ ಜನ ಹುಟ್ಟುವ ಮೊದಲೇ ಟೀವಿಯಲ್ಲಿ ಬಂದು ಮುಗಿದಿದ್ದ ಧಾರಾವಾಹಿ. ಯಾರೋ ಅದನ್ನು ಯೂಟ್ಯೂಬಿಗೆ ಏರಿಸಿದ್ದರು. ಬಣ್ಣ ಮಾಸಿ ಎಲ್ಲರ ಮುಖವೂ ಅರಿಶಿನ ಹಚ್ಚಿದ ಹಾಗೆ ಕಾಣುತ್ತಿತ್ತು. ಪ್ರತಿ ಕಥೆಯ ಕೊನೆಯೂ ಒಂದೇ ಬಗೆ. ಲಾಯರ್ ಒಂದು ಸಣ್ಣ ಪ್ರಶ್ನೆ ಕೇಳುತ್ತಾರೆ, ಕೋರ್ಟು ನಿಶ್ಶಬ್ದವಾಗುತ್ತದೆ, ಹಿಂದಿನ ಬೆಂಚಿನಿಂದ ಒಬ್ಬರು ತಾವಾಗಿಯೇ ಎದ್ದು ನಿಂತು ತಪ್ಪೊಪ್ಪಿಕೊಳ್ಳುತ್ತಾರೆ. ಯಾರು ಏಳುತ್ತಾರೆ ಎಂಬುದರ ಮೇಲೆ ಶೆಡ್ಡಿನಲ್ಲಿ ಪಂಥ. ಸೋತವರು ಎಲ್ಲರ ಡಬ್ಬಿ ತೊಳೆಯಬೇಕು.

“ಕಂಪೌಂಡರ್ರೇ ಕಣ್ರೀ,” ಎಂದಳು ಶಾಂತಿ. ಅವಳು ತಯಾರಾದ ಬಿಡಿಭಾಗಗಳನ್ನು ಪರೀಕ್ಷಿಸುವ ಕೆಲಸದವಳು. “ಆವಾಗಿಂದ ನೋಡ್ತಿದೀನಿ, ಬರೀ ಬೆವರು ಒರೆಸ್ಕೊಳ್ತಾ ಇದಾನೆ.”

“ಬೆವರು ಒರಸಿದವರೆಲ್ಲ ಕಳ್ಳರಾದ್ರ ನಮ್ಮ ಶಾಪಿನ್ಯಾಗ ಒಬ್ರೂ ಉಳಿಯಂಗಿಲ್ಲ,” ಎಂದ ಯಂಕಪ್ಪ. “ಸಂಗೀತ ಮಾಸ್ತರನ ಹೆಂಡತಿ ನೋಡು. ಗಂಡ ಸತ್ತು ಎಂಟು ದಿನಾ ಆಗಿಲ್ಲ, ಹೆರಳು ಹೆಂಗ ಹಾಕ್ಕೊಂಡಾಳ.”

“ಹೆರಳು ಹಾಕ್ಕೊಂಡ್ರೆ ಕೊಲೆಗಾರ್ತಿನಾ? ನಿಮ್ಮನ್ನ ಜಡ್ಜ್ ಮಾಡಿದ್ರೆ ಆಯ್ತು ಬಿಡಿ, ಊರೆಲ್ಲಾ ಒಳಗೆ.”

ಎಲ್ಲರೂ ನಕ್ಕರು. ಮಹಾನಂದಾ ನಗಲಿಲ್ಲ. ಸಿಂದಗಿ ಕಡೆಯಿಂದ ಬಂದು ಬಾಗಲಗುಂಟೆಯಲ್ಲಿ ಬಾಡಿಗೆ ಕೋಣೆ ಹಿಡಿದಿದ್ದ ಅವಳು ಈ ಆಟದಲ್ಲಿ ಎಲ್ಲರಿಗಿಂತ ಚುರುಕು. ಮೊದಲ ಸಾಕ್ಷಿ ಬಾಯಿ ತೆರೆಯುವಷ್ಟರಲ್ಲಿ ಕೊಲೆಗಾರನನ್ನು ಹೇಳಿಬಿಡುತ್ತಿದ್ದಳು. ಏಪ್ರಿಲ್ ನಂತರ ಅವಳು ಯಾರ ಹೆಸರನ್ನೂ ಹೇಳಿರಲಿಲ್ಲ.

ಏಪ್ರಿಲಿನಲ್ಲಿ ನಾಲ್ಕನೇ ಪ್ರೆಸ್ಸು ಎರಡನೇ ಪಾಳಿಯ ಬಸಲಿಂಗನ ಎಡಗೈಯ ಎರಡು ಬೆರಳು ತೆಗೆದಿತ್ತು. ಆ ಪ್ರೆಸ್ಸಿಗೆ ಎರಡು ಬಟನ್, ಒಂದೊಂದು ಕೈಗೆ ಒಂದೊಂದು. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿನ ಅಚ್ಚು ಇಳಿಯುತ್ತದೆ. ಹಾಗೆ ಒತ್ತುವಾಗ ಎರಡೂ ಕೈ ಅಚ್ಚಿನ ಹೊರಗೇ ಇರುತ್ತವೆ. ಆದರೆ ಎಡಗಡೆಯ ಬಟನ್ನನ್ನು ಸೈಕಲ್ ಟ್ಯೂಬಿನ ತುಂಡಿನಿಂದ ಬಿಗಿದು ಕಟ್ಟಿದರೆ ಬಲಗೈ ಒಂದೇ ಸಾಕು. ಎಡಗೈ ಅಷ್ಟರಲ್ಲಿ ಮುಂದಿನ ತಗಡನ್ನು ಒಳಗಿಡಬಹುದು. ಪಾಳಿಯೊಂದಕ್ಕೆ ಮೂರು ಸಾವಿರದ ಆರುನೂರು ಬಿಡಿಭಾಗ ಆಗಬೇಕಿತ್ತು. ಎಲ್ಲರೂ ಕಟ್ಟುತ್ತಿದ್ದರು. ಪಾಳಿ ಮುಗಿಸಿ ಹೋಗುವವರು ಮುಂದೆ ಬರುವವರಿಗಾಗಿ ಟ್ಯೂಬನ್ನು ಕಟ್ಟಿಯೇ ಬಿಟ್ಟು ಹೋಗುವುದು ಅಲ್ಲಿನ ಒಂದು ಮರ್ಯಾದೆ. ಬಿಚ್ಚಿ ಹೋದವರನ್ನು ಸೊಕ್ಕಿನವರು ಎನ್ನುತ್ತಿದ್ದರು.

ಆ ದಿನ ಮಹಾನಂದಾ ಹಳೆಯ ಟ್ಯೂಬು ಸಡಿಲಾಯಿತೆಂದು ಹೊಸ ತುಂಡು ತಂದು, ಬಿಗಿಯಾಗಿ ಕಟ್ಟಿ, ಎರಡು ಗಂಟೆಗೆ ಬಸಲಿಂಗನಿಗೆ ಮೆಷಿನ್ ಬಿಟ್ಟುಕೊಟ್ಟಿದ್ದಳು. ಅವಳು ಗೇಟು ದಾಟುವ ಮೊದಲೇ ಒಳಗಿನಿಂದ ಕೂಗು ಕೇಳಿತ್ತು.

ಫೋನಿನಲ್ಲಿ ಕೋರ್ಟು ನಿಶ್ಶಬ್ದವಾಯಿತು. ಕಂಪೌಂಡರ್ ಬೆಂಚು ಹಿಡಿದುಕೊಂಡು ಎದ್ದು ನಿಂತ. ಶಾಂತಿ ಚಪ್ಪಾಳೆ ತಟ್ಟಿ ತನ್ನ ಡಬ್ಬಿಯನ್ನು ಯಂಕಪ್ಪನ ಮುಂದೆ ತಳ್ಳಿದಳು.

“ಇವತ್ತು ಮಧ್ಯಾಹ್ನ ನಮ್ಮಲ್ಲೂ ಹಿಂಗ ಆಕ್ಕೈತಿ,” ಎಂದ ಯಂಕಪ್ಪ, ಡಬ್ಬಿಗಳನ್ನು ಒಟ್ಟುಗೂಡಿಸುತ್ತ. “ನಾ ಒಂದು ಪ್ರಶ್ನೆ ಇಟ್ಟೀನಿ. ವಸಂತ್ ಸರ ಬಾಯಿ ಬಿಡ್ಲೇಬೇಕು.”

ಮಧ್ಯಾಹ್ನ ಬಸಲಿಂಗನ ವಿಚಾರಣೆ ಇತ್ತು. ಸುರಕ್ಷತೆಯ ಬಟನ್ ಕಟ್ಟಿ ಮೆಷಿನ್ ಓಡಿಸಿದ್ದು ದುರ್ನಡತೆ ಎಂಬುದು ಕಂಪನಿಯ ಆರೋಪ; ಸಾಬೀತಾದರೆ ಕೆಲಸದಿಂದ ವಜಾ. ಅವನ ಪರವಾಗಿ ಜೊತೆಯ ಕೆಲಸಗಾರರೊಬ್ಬರು ಮಾತಾಡಬಹುದಿತ್ತು. ಯಂಕಪ್ಪ ತಾನಾಗಿಯೇ ಒಪ್ಪಿಕೊಂಡಿದ್ದ. ಕಾನೂನಿನ ಬಗ್ಗೆ ಅವನಿಗೆ ಗೊತ್ತಿದ್ದದ್ದೆಲ್ಲ ಆ ಧಾರಾವಾಹಿಯಿಂದ ಬಂದದ್ದು.

ಬಿಡುವು ಮುಗಿದ ಮೇಲೆ ಸೂಪರ್‌ವೈಸರ್ ವಸಂತ್ ಮಹಾನಂದಾಳ ಮೆಷಿನ್ ಹತ್ತಿರ ಬಂದು ನಿಂತ.

“ಮಧ್ಯಾಹ್ನ ನಿಮ್ಮನ್ನ ಕರೀತಾರೆ ಮಹಾನಂದಾ. ಬಸಲಿಂಗ ಓಡಿಸ್ತಿದ್ದಾಗ ಬಟನ್ ಕಟ್ಟಿತ್ತಾ ಅಂತಾರೆ. ಹೂಂ ಅನ್ನಿ. ಸುಳ್ಳೇನಲ್ವಲ್ಲ?”

“ಅಲ್ರಿ ಸರ.”

“ಅಷ್ಟೇ ಮತ್ತೆ. ಜಾಸ್ತಿ ಮಾತಾಡೋಕೆ ಹೋಗ್ಬೇಡಿ. ಮುಂದಿನ ತಿಂಗಳು ಪರ್ಮನೆಂಟ್ ಮಾಡೋರ ಹೆಸರು ಕಳಿಸ್ಬೇಕು ನಾನು.” ಅವನು ಹೋಗುವಾಗ ಅವಳ ಎಡಗಡೆಯ ಬಟನ್ನಿನತ್ತ ನೋಡಿದ. ಅಪಘಾತದ ಮರುದಿನ ಅವನೇ ನಿಂತು ಎಲ್ಲ ಟ್ಯೂಬುಗಳನ್ನು ಕತ್ತರಿಸಿ ಹಾಕಿಸಿದ್ದ. ಟಾರ್ಗೆಟ್ ಮಾತ್ರ ಇಳಿದಿರಲಿಲ್ಲ. ವಾರದೊಳಗೆ ಟ್ಯೂಬುಗಳು ಮರಳಿ ಬಂದಿದ್ದವು. ಇವತ್ತು ಬೆಳಿಗ್ಗೆ ಮತ್ತೆ ಒಂದೂ ಇರಲಿಲ್ಲ. ಹೊರಗಿನವರು ಬರುವ ದಿನ.

ವಿಚಾರಣೆ ನಡೆದದ್ದು ಆಫೀಸಿನ ಮಹಡಿಯ ಕೋಣೆಯಲ್ಲಿ. ವಿಚಾರಣಾಧಿಕಾರಿ ವೆಂಕಟೇಶಪ್ಪ ನೆಲಮಂಗಲದ ವಕೀಲರು, ವಯಸ್ಸಾದವರು. ಕರಿಕೋಟು ಹಾಕಿರಲಿಲ್ಲ, ಅರ್ಧ ತೋಳಿನ ಅಂಗಿ. ಕಟಕಟೆ ಇಲ್ಲ, ಹಿಂದಿನ ಬೆಂಚೂ ಇಲ್ಲ. ಒಂದು ಮೇಜು, ಪ್ಲಾಸ್ಟಿಕ್ ಕುರ್ಚಿಗಳು, ಹೇಳಿದ್ದನ್ನೆಲ್ಲ ಲ್ಯಾಪ್‌ಟಾಪಿನಲ್ಲಿ ಟೈಪು ಮಾಡುತ್ತಿದ್ದ ಎಚ್ಆರ್ ಮೇಡಂ. ಬಸಲಿಂಗ ಎಡಗೈಯನ್ನು ಮೇಜಿನ ಕೆಳಗೆ ಇಟ್ಟುಕೊಂಡಿದ್ದ.

ಯಂಕಪ್ಪನ ಸರದಿ ಬಂತು. ಅವನು ಎದ್ದು ಎರಡು ಹೆಜ್ಜೆ ಅತ್ತ ಇತ್ತ ನಡೆದ.

“ಕೂತ್ಕೊಂಡೇ ಕೇಳಪ್ಪ,” ಎಂದರು ವೆಂಕಟೇಶಪ್ಪ.

ಯಂಕಪ್ಪ ಕೂರಲಿಲ್ಲ. ವಸಂತನ ಕಡೆಗೆ ತಿರುಗಿ, ತಡೆದು, ಮೆಲ್ಲನೆ ಕೇಳಿದ: “ಸರ, ಹೊಸಬರಿಗೆ ಕೆಲಸಾ ಕಲಿಸೋ ಮುಂದ ಬಟನ್ ಹೆಂಗ ಕಟ್ಟಬೇಕು ಅಂತ ತೋರಿಸಿಕೊಟ್ಟವರು ಯಾರು?”

ಇಟ್ಟುಕೊಂಡಿದ್ದ ಪ್ರಶ್ನೆ ಅದು. ಕೋಣೆ ನಿಶ್ಶಬ್ದವಾಯಿತು. ಹೊರಗೆ ಫೋರ್ಕ್‌ಲಿಫ್ಟ್ ಹಿಂದೆ ಬರುವ ಸದ್ದು ಕೇಳುತ್ತಿತ್ತು. ವಸಂತ್ ಬೆವರಲಿಲ್ಲ.

“ಯಾರೂ ತೋರಿಸ್ಕೊಟ್ಟಿಲ್ಲ ಸಾರ್,” ಎಂದು ವೆಂಕಟೇಶಪ್ಪನವರಿಗೇ ಹೇಳಿದ. “ಕಟ್ಟಬಾರದು ಅಂತ ಬೋರ್ಡೇ ಹಾಕಿದೀವಿ. ಮೂರು ಭಾಷೇಲಿ.”

ಮೇಡಂ ಟೈಪು ಮಾಡಿದರು. ಯಂಕಪ್ಪ ಸ್ವಲ್ಪ ಹೊತ್ತು ಕಾದ. ಇನ್ನೇನೂ ಆಗಲಿಲ್ಲ. ಅವನು ಕುರ್ಚಿಯಲ್ಲಿ ಕುಳಿತ.

ಮಹಾನಂದಾಳನ್ನು ಕರೆದರು. ಬಸಲಿಂಗ ಓಡಿಸುತ್ತಿದ್ದಾಗ ಬಟನ್ ಕಟ್ಟಿತ್ತೇ ಎಂದು ಕೇಳಿದರು.

“ಕಟ್ಟಿತ್ರಿ.”

“ಆಯ್ತು, ಹೋಗಮ್ಮ.”

ಅವಳು ಎದ್ದಳು. ಬಾಗಿಲು ನಾಲ್ಕು ಮಾರು ದೂರದಲ್ಲಿತ್ತು. ವಸಂತ್ ಫೋನು ನೋಡತೊಡಗಿದ್ದ. ಬಸಲಿಂಗ ತಲೆ ಎತ್ತಲಿಲ್ಲ. ಕಟ್ಟಿದ್ದು ಯಾರೆಂದು ಅವನಿಗೆ ಗೊತ್ತಿತ್ತು, ಮೂರು ತಿಂಗಳಿಂದ ಗೊತ್ತಿತ್ತು, ಯಾರಿಗೂ ಹೇಳಿರಲಿಲ್ಲ. ಅವಳು ಬಾಗಿಲಿಗೆ ಹೋಗದೆ ಅಲ್ಲೇ ನಿಂತಳು.

“ಕಟ್ಟಿದಾಕಿ ನಾನ್ರೀ ಸರ,” ಎಂದಳು. “ಅಂವ ಮುಟ್ಟಿದ್ದೂ ಇಲ್ಲ. ಹೊಸಾ ಟ್ಯೂಬು ತಂದು ಕಟ್ಟಿಟ್ಟು ಹೋಗಿದ್ದೆ.”

“ಅಕ್ಕಾ, ಬ್ಯಾಡ,” ಎಂದ ಬಸಲಿಂಗ.

ಮೇಡಂ ಅವರ ಬೆರಳುಗಳು ನಿಂತವು. ಅವರು ವೆಂಕಟೇಶಪ್ಪನವರ ಮುಖ ನೋಡಿದರು. ವೆಂಕಟೇಶಪ್ಪ ನಿಧಾನವಾಗಿ ಪೆನ್ನಿನ ಮುಚ್ಚಳ ಹಾಕಿದರು.

“ನೀನು ಹೇಳಿದ್ದು ಒಳ್ಳೇದಾಯ್ತಮ್ಮ. ಆದ್ರೆ ಅದರಿಂದ ಈತ ಪಾರಾಗಲ್ಲ. ಯಾರು ಕಟ್ಟಿದ್ರು ಅನ್ನೋದಲ್ಲ ಇಲ್ಲಿ ಆರೋಪ. ಕಟ್ಟಿದ ಮೆಷಿನ್ ಓಡಿಸಿದ್ದು. ಈತ ಬಿಚ್ಚಿ ಓಡಿಸ್ಬೋದಿತ್ತಲ್ಲ?”

ಎದ್ದು ನಿಂತು ಒಪ್ಪಿಕೊಂಡ ಮೇಲೂ ಕೇಸು ಹಾಗೆಯೇ ಉಳಿಯುವುದನ್ನು ಶೆಡ್ಡಿನವರಲ್ಲಿ ಯಾರೂ ನೋಡಿರಲಿಲ್ಲ.

“ಬಿಚ್ಚಿದ್ರ ಟಾರ್ಗೆಟ್ ಆಗೂದಿಲ್ರಿ,” ಎಂದಳು ಮಹಾನಂದಾ. “ಮೂರು ಸಾವಿರದ ಆರುನೂರು ಎರಡೂ ಕೈ ಒತ್ತಿ ಆಗೂದಽ ಇಲ್ಲ. ಆಗದಿದ್ರ ಮರುದಿನ ಗೇಟಿನ್ಯಾಗ ನಿಂದರಸ್ತಾರ, ಒಳಗ ಬಿಡೂದಿಲ್ಲ.”

“ಆಗತ್ತೆ ಸಾರ್,” ಎಂದ ವಸಂತ್. “ಮೈ ಬಗ್ಗಿಸಿದ್ರೆ ಆರಾಮಾಗಿ ಆಗತ್ತೆ. ಇವರು ಸೋಮಾರಿತನಕ್ಕೆ ಕಟ್ಕೊಳ್ಳೋದು.”

ವೆಂಕಟೇಶಪ್ಪ ಅವನ ಕಡೆಗೆ ತಿರುಗಿದರು. “ಆ ಮೆಷಿನ್ನಲ್ಲಿ ಎಲ್ಲರಿಗಿಂತ ಬೇಗ ಮಾಡೋರು ಯಾರು?”

ವಸಂತ್ ಮಹಾನಂದಾಳ ಕಡೆ ಕೈ ತೋರಿಸಿದ. “ಇವರೇ.”

“ಹಂಗಾದ್ರೆ ನಾಳೆ ಬೆಳಿಗ್ಗೆ ಪಾಳೀಲಿ ಈಯಮ್ಮ ಎರಡೂ ಕೈಯಲ್ಲಿ ಓಡಿಸ್ಲಿ. ಮೆಷಿನ್ನಲ್ಲೇ ಲೆಕ್ಕದ ಮೀಟರು ಇದೆಯಲ್ಲ? ಎರಡು ಗಂಟೆಗೆ ನಾನೇ ಬಂದು ನೋಡ್ತೀನಿ. ನೀವು ಹೇಳಿದಷ್ಟು ಆದ್ರೆ, ಬಿಚ್ಚಿ ಓಡಿಸ್ಬೋದಿತ್ತು ಅಂತ ಬರೀತೀನಿ. ಆಗದಿದ್ರೆ ಬೇರೆ ಥರ ಬರೀಬೇಕಾಗತ್ತೆ.”

ಗೇಟಿನ ಹೊರಗೆ ಯಂಕಪ್ಪ ಅವಳನ್ನು ಕಾಯುತ್ತಿದ್ದ. ಬಸಲಿಂಗ ತುಸು ದೂರದಲ್ಲಿ ಟೀ ಗಾಡಿಯ ಹತ್ತಿರ ನಿಂತಿದ್ದ.

“ಕೆಲಸಾ ಈಗ ಸಲೀಸಾತು ನೋಡು ತಂಗಿ,” ಎಂದ ಯಂಕಪ್ಪ. “ನಾಳೆ ಸ್ವಲ್ಪ ನಿಧಾನ ಮಾಡು. ಯಾರಿಗೂ ಗೊತ್ತಾಗಂಗಿಲ್ಲ.”

“ವಸಂತ್ ಸರಗ ಗೊತ್ತಾಕ್ಕೈತಿ. ನನ್ನ ಕೈ ಅವರು ಮೂರು ವರ್ಷ ನೋಡ್ಯಾರ.”

“ಹಂಗಾರ ಏನ್ ಮಾಡ್ತಿ? ಜೋರ್ ಮಾಡಿ ಬಸಲಿಂಗನ ಕುತ್ತಿಗಿ ಕೊಯ್ತೀಯೇನು?”

ಬಸಲಿಂಗ ಬಲಗೈಯಲ್ಲಿ ಟೀ ಲೋಟ ತಂದು ಅವಳಿಗೆ ಕೊಟ್ಟ. “ನೀ ದಿನಾ ಹೆಂಗ ಮಾಡ್ತಿ ಹಂಗ ಮಾಡಕ್ಕಾ,” ಎಂದ. “ಸುಳ್ಳು ಲೆಕ್ಕದಾಗ ನಾ ಉಳಿದ್ರ ಟಾರ್ಗೆಟ್ ಹಂಗ ಉಳೀತೈತಿ, ನಾಳೆ ಮತ್ತೊಬ್ಬಂವ ಕೈ ಕಳಕೊಳ್ತಾನ.”

ಬುಧವಾರ ಆರು ಗಂಟೆಗೆ ವಸಂತ್ ಎಲ್ಲರ ಎದುರಿಗೆ ಮೀಟರನ್ನು ಸೊನ್ನೆಗೆ ತಂದು, ಮೆಷಿನ್ನಿನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡ.

“ನಿನ್ನೆ ನೀವೇ ಬಾಯಾರೆ ಒಪ್ಕೊಂಡ್ರಿ, ಬಟನ್ ಕಟ್ಟಿದ್ದು ನಾನು ಅಂತ,” ಎಂದ, ಅವಳಿಗೆ ಮಾತ್ರ ಕೇಳುವ ಹಾಗೆ. “ಅದಕ್ಕೂ ನೋಟಿಸ್ ಬರತ್ತೆ. ಟಾರ್ಗೆಟ್ ಮಾಡಿ ತೋರಿಸಿದ್ರೆ ನಾನು ಅದನ್ನ ಮರೆತುಬಿಡ್ತೀನಿ. ಯೋಚನೆ ಮಾಡಿ.”

ಅವಳು ತಗಡು ತೆಗೆದುಕೊಂಡಳು. ಒಳಗಿಟ್ಟಳು, ಕೈ ಹೊರಗೆ ತಂದಳು, ಎರಡೂ ಬಟನ್ ಒತ್ತಿದಳು. ಅಚ್ಚು ಇಳಿದು ಎದ್ದಿತು. ಆದದ್ದನ್ನು ತೆಗೆದಳು, ಇನ್ನೊಂದು ಇಟ್ಟಳು. ಮೊದಲ ಅರ್ಧ ಗಂಟೆ ಎಡಗೈ ಹಳೆಯ ರೂಢಿಯಲ್ಲಿ ಅಚ್ಚಿನ ಬಾಯಲ್ಲೇ ಉಳಿಯುತ್ತಿತ್ತು; ಬಲಗೈ ಒತ್ತಿದರೂ ಮೆಷಿನ್ ಕದಲುತ್ತಿರಲಿಲ್ಲ. ಪ್ರತಿ ಸಲವೂ ಅವಳು ಆ ಕೈಯನ್ನು ಸರಕ್ಕನೆ ಹೊರಗೆಳೆದುಕೊಳ್ಳುತ್ತಿದ್ದಳು.

ಹತ್ತು ಗಂಟೆಯ ಬಿಡುವಿನಲ್ಲಿ ಯಾರೂ ಶೆಡ್ಡಿಗೆ ಹೋಗಲಿಲ್ಲ. ಡಬ್ಬಿ ಹಿಡಿದುಕೊಂಡೇ ನಾಲ್ಕನೇ ಪ್ರೆಸ್ಸಿನ ಸುತ್ತ ಬಂದು ನಿಂತರು. ಶಾಂತಿ ಮೀಟರಿನ ಮೇಲೆ ಬಗ್ಗಿ ನೋಡಿ ಹಿಂದೆ ಸರಿದಳು. ಅರ್ಧಕ್ಕಿಂತ ಕಡಿಮೆ ಇತ್ತು. ಆದರೆ ತೀರ ಕಡಿಮೆ ಏನಲ್ಲ.

“ಇನ್ನೂ ಟೈಮ್ ಇದೆ,” ಎಂದ ವಸಂತ್.

ಬಿಡುವಿನ ನಂತರ ಅವಳಿಗೆ ಭಯ ಶುರುವಾಯಿತು. ಕೈಗಳಿಗೆ ಹೊಸ ಲಯ ಸಿಕ್ಕಿಬಿಟ್ಟಿತ್ತು. ಇಡುವುದು, ಹಿಂತೆಗೆಯುವುದು, ಒತ್ತುವುದು ಒಂದರೊಳಗೊಂದು ಹರಿಯತೊಡಗಿದವು. ಹೀಗೇ ಹೋದರೆ ಆಗಿಯೇ ಬಿಡಬಹುದು ಎನಿಸಿತು. ಮೂರು ವರ್ಷ ತಾನು ಅಂದುಕೊಂಡದ್ದೇ ತಪ್ಪಿರಬಹುದು; ಸುಮ್ಮನೆ ರೂಢಿಗೆ ಕಟ್ಟಿದ್ದಿರಬಹುದು; ಹಾಗಾದರೆ ಬಸಲಿಂಗನ ಬೆರಳುಗಳಿಗೆ ಯಾವ ಕಾರಣವೂ ಇಲ್ಲ. ಹಿಂದಿನಿಂದ ಯಂಕಪ್ಪ ಕೆಮ್ಮಿದ. ಅವಳು ತಿರುಗಲಿಲ್ಲ. ನಿಧಾನ ಮಾಡಲು ಅವಳು ಏನೂ ಮಾಡಬೇಕಾಗಿರಲಿಲ್ಲ, ಪ್ರತಿ ಸಲ ಒಂದು ಉಸಿರು ಹೆಚ್ಚು ತೆಗೆದುಕೊಂಡರೆ ಸಾಕಿತ್ತು. ಅವಳು ತೆಗೆದುಕೊಳ್ಳಲಿಲ್ಲ. ತಗಡು ಮುಗಿಯುವ ಮೊದಲೇ ಹೊಸ ತಟ್ಟೆ ತರಿಸಿಕೊಂಡಳು. ನೀರು ಕುಡಿಯಲು ಏಳಲಿಲ್ಲ. ಒಂದು ಗಂಟೆಯ ಹೊತ್ತಿಗೆ ಭುಜಗಳು ಉರಿಯುತ್ತಿದ್ದವು, ರವಿಕೆ ಬೆನ್ನಿಗೆ ಅಂಟಿತ್ತು. ವಸಂತ್ ಕುರ್ಚಿ ಬಿಟ್ಟು ಎದ್ದಿದ್ದ. ಮೊದಲು ಮೀಟರು ನೋಡುತ್ತಿದ್ದವನು ಈಗ ಅವಳ ಕೈ ನೋಡುತ್ತಿದ್ದ. ಎಲ್ಲಾದರೂ ಬೇಕೆಂದೇ ತಡಮಾಡುತ್ತಾಳೆಯೇ ಎಂದು ಹುಡುಕುತ್ತಿದ್ದ.

ಸೈರನ್ ಆಯಿತು. ಅವಳು ಕೊನೆಯದನ್ನು ಒತ್ತಿ, ತೆಗೆದು, ತಟ್ಟೆಯಲ್ಲಿಟ್ಟಳು. ಎರಡನೇ ಪಾಳಿಯವರು ಒಳಗೆ ಬಂದು ಗೋಡೆಯ ಪಕ್ಕ ನಿಂತರು. ವೆಂಕಟೇಶಪ್ಪ ಬಂದರು, ಅವರ ಹಿಂದೆ ಮೇಡಂ, ಅವರ ಹಿಂದೆ ಬಸಲಿಂಗ.

“ಈಯಮ್ಮ ಎಲ್ಲಾದ್ರೂ ನಿಧಾನ ಮಾಡಿದ್ರಾ?” ಎಂದು ವೆಂಕಟೇಶಪ್ಪ ವಸಂತನನ್ನೇ ಕೇಳಿದರು. “ನೀವು ಪೂರ್ತಿ ಪಕ್ಕದಲ್ಲೇ ಇದ್ರಲ್ಲ.”

ವಸಂತ್ ಮಹಾನಂದಾಳ ಕಡೆ ನೋಡಿದ. ಅವಳು ಬಟನ್ ಒತ್ತಿ ಕೆಂಪಾದ ಅಂಗೈಗಳನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು.

“ಇಲ್ಲ ಸಾರ್,” ಎಂದ.

“ಓದಿ.”

ಅವನು ಬಗ್ಗಿ, ಗಾಜಿನ ಮೇಲಿನ ಎಣ್ಣೆಯನ್ನು ಹೆಬ್ಬೆರಳಿನಿಂದ ಒರೆಸಿ ಓದಿದ. ಎರಡು ಸಾವಿರದ ಏಳುನೂರ ಹನ್ನೆರಡು.