ಅಂಚಿನಲ್ಲಿ ಬರೆದ ಮಾತು

ಮೂವತ್ತು ವರ್ಷ ಆಸ್ಪತ್ರೆಯ ಒಂದೇ ವಾರ್ಡಿನಲ್ಲಿ ನರ್ಸಾಗಿ ದುಡಿದು ನಿವೃತ್ತಳಾಗಿದ್ದ ದೊಡ್ಡಕ್ಕ, ಈಗ ಹೊಟ್ಟೆಯ ಆಪರೇಷನ್ ಮಾಡಿಸಿಕೊಂಡು ಅಲ್ಲೇ ಮಲಗಿದ್ದಳು. ಹತ್ತು ನಿಮಿಷಕ್ಕೊಮ್ಮೆ ಎಲ್ಲ ರೋಗಿಗಳ ನಾಡಿ, ಉಸಿರು, ನರ್ಸುಗಳ ಟಿಪ್ಪಣಿ ಓದಿ ತೂಗಿ ನೋಡುವ ಕಂಪ್ಯೂಟರನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. "ಅದಕ್ಕೇನು ಮಣ್ಣು ಗೊತ್ತಾಗುತ್ತೆ" ಎಂದು ಮೂಗು ಮುರಿಯುತ್ತಿದ್ದಳು.

ಮೂರನೆಯ ದಿನ ಅದು ಅವಳ ಹೆಸರಿನ ಪಕ್ಕದಲ್ಲೇ ಅಪಾಯದ ಕೆಂಪು ಗುರುತು ತೋರಿಸಿತು. ಜ್ವರ ಇನ್ನೂ ಬಂದಿರಲಿಲ್ಲ. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ನೋಡಿದರೆ ಒಳಗೆ ನಂಜು ಏರುತ್ತಿತ್ತು. ಹೊತ್ತಿಗೆ ಸರಿಯಾಗಿ ಮದ್ದು ಬಿದ್ದು ಜೀವ ಉಳಿಯಿತು.

ಚೇತರಿಸಿಕೊಂಡ ಮೇಲೆ ಕಿರಿಯ ನರ್ಸನ್ನು ಕೇಳಿದಳು: "ಅದಕ್ಕೆ ಹೇಗೆ ತಿಳೀತು ಕಣೇ?"

"ನಿಮ್ಮ ನಾಡಿ ಒಂಚೂರು ಏರಿತ್ತು. ನೀವು ಬೈಯೋದು ನಿಲ್ಲಿಸಿ ಮಂಕಾಗಿದ್ದೀರಿ ಅಂತ ನಾನು ಬರೆದಿದ್ದೆ. ಎರಡೂ ಸೇರಿದ್ರೆ ಅಪಾಯ ಅಂತ ಅದು ಕಲಿತದ್ದು ನೀವು ಡ್ಯೂಟಿಯಲ್ಲಿದ್ದಾಗ ಬರೆದ ಹಳೇ ಚಾರ್ಟುಗಳನ್ನ ಓದಿಯೇ, ದೊಡ್ಡಕ್ಕ. ಅಂಚಿನಲ್ಲಿ ಬರೀತಿದ್ರಲ್ಲ, 'ಮಂಕಾಗಿದ್ದಾರೆ, ಒಂದು ಕಣ್ಣಿಟ್ಟಿರಿ' ಅಂತ."

ಅದನ್ನು ಯಾರೂ ಓದುವುದಿಲ್ಲ ಎಂದೇ ಅವಳು ಇಷ್ಟು ವರ್ಷ ತಿಳಿದಿದ್ದಳು. ಈಗ ಪಕ್ಕದ ಹಾಸಿಗೆಯ ಕಡೆ ಕಣ್ಣಲ್ಲೇ ತೋರಿಸಿದಳು.

"ದಿನಾ ಮಗಳಿಗೆ ಹತ್ತು ಸಲ ಫೋನ್ ಮಾಡೋ ಆ ಅಜ್ಜಿ ಇವತ್ತು ಬೆಳಗ್ಗೆಯಿಂದ ಒಂದು ಫೋನೂ ಮಾಡಿಲ್ಲ. ಅದನ್ನೂ ಬರಿ, ಓದೋರಿದ್ದಾರೆ."