ಹೆಂಡತಿ ತುಂಬಿಸಿಟ್ಟ ಪೆಟ್ರೋಲು

ತಮ್ಮನ ಉಸಿರು ಆಮ್ಲಜನಕದ ಯಂತ್ರದ ಮೇಲೆ ನಿಂತಿದೆ, ಯಂತ್ರ ಕರೆಂಟಿನ ಮೇಲೆ. ಕರೆಂಟು ಹೋದರೆ ಇರಲಿ ಎಂದು ನನ್ನ ಹೆಂಡತಿ ಹಿಂದಿನ ಜಗಲಿಯಲ್ಲಿ ಸಣ್ಣದೊಂದು ಜನರೇಟರ್ ಇಡಿಸಿದ್ದಳು. ತೀರಿಕೊಳ್ಳುವ ಹಿಂದಿನ ವಾರ ತಾನೇ ಅದರ ಟ್ಯಾಂಕನ್ನು ಬಾಯಿಮಟ್ಟ ತುಂಬಿಸಿದಳು. ಅದಾಗಿ ಹದಿನಾಲ್ಕು ತಿಂಗಳು. ಸಣ್ಣಪುಟ್ಟ ಕಡಿತಗಳನ್ನೆಲ್ಲ ಆಮ್ಲಜನಕದ ಸಿಲಿಂಡರಿನಲ್ಲೇ ದಾಟಿಸಿದೆ. ಆ ಪೆಟ್ರೋಲನ್ನು ಯಾರಿಗೂ ಮುಟ್ಟಗೊಡಲಿಲ್ಲ. ಬೆಳಿಗ್ಗೆ ಪ್ರಾರ್ಥನೆ ಮುಗಿಸಿ ಟ್ಯಾಂಕಿನ ಧೂಳು ಒರೆಸುತ್ತಿದ್ದೆ, ಅಷ್ಟೆ.

ಮಂಗಳವಾರ ಲಾರಿಯೊಂದು ಬೀದಿಯ ಕಂಬ ಮುರಿಯಿತು. ಸಂಜೆಯವರೆಗೆ ಕರೆಂಟಿಲ್ಲವೆಂದರು. ತಮ್ಮನನ್ನು ಸಿಲಿಂಡರಿಗೆ ಹಾಕಿದೆ; ಅದರಲ್ಲಿ ಉಳಿದದ್ದು ಮುಕ್ಕಾಲು ಗಂಟೆಗಾಗುವಷ್ಟು.

ಜನರೇಟರಿನ ಹಗ್ಗ ಎಳೆದೆ. ಕೆಮ್ಮಿ ಸುಮ್ಮನಾಯಿತು. ಎದುರು ಗ್ಯಾರೇಜಿಗೆ ಫೋನು ಮಾಡಿ, ಮತ್ತೆರಡು ಸಲ ಎಳೆದೆ.

"ಅಣ್ಣಾ, ಅದಕ್ಕೂ ನನ್ನ ಕಾಯಿಲೆ ಬಂತಾ?" ಎಂದ ತಮ್ಮ ಒಳಗಿನಿಂದ.

ನಾಲ್ಕನೆಯ ಸಲಕ್ಕೆ ಕೈ ಹಾಕುವಷ್ಟರಲ್ಲಿ ಮೆಕ್ಯಾನಿಕ್ ಹೆಂಗಸು ಓಡಿಬಂದು ಕಿರುಚಿದಳು.

"ಕೈ ಬಿಡಿ ಯಜಮಾನ್ರೇ! ಕೆಳಗೆ ನೋಡಿ!"

ನೆಲವೆಲ್ಲ ಪೆಟ್ರೋಲು. ನೆಗಡಿಯಾಗಿದ್ದ ನನ್ನ ಮೂಗಿಗೆ ವಾಸನೆಯೇ ತಿಳಿದಿರಲಿಲ್ಲ. ಗೋಡೆಯ ಆಚೆ, ಎರಡು ಮಾರು ದೂರದಲ್ಲಿ, ತಮ್ಮನ ಮೂಗಿಗೆ ಆಮ್ಲಜನಕ ಹರಿಯುತ್ತಿತ್ತು. ಒಂದು ಕಿಡಿ ಸಾಕಿತ್ತು. ಹಗ್ಗ ಬಿಟ್ಟು ಹಿಂದೆ ಸರಿದೆ.

ಆಕೆ ಟ್ಯಾಂಕಿನ ಕೆಳಗಿನ ಟ್ಯಾಪು ಮುಚ್ಚಿ, ಪೆಟ್ರೋಲು ಹರಿಯುವ ಪೈಪನ್ನು ಬೆರಳಲ್ಲಿ ಮಡಿಸಿದಳು. ಎರಡು ತುಂಡಾಯಿತು. ಒಳಗಿನ ರಬ್ಬರು ಮಸಿಯಂತೆ ಕೈಗಂಟಿತು.

"ಈಗಿನ ಪೆಟ್ರೋಲಲ್ಲಿ ಎಥನಾಲ್ ಇರುತ್ತೆ. ಹಳೇ ರಬ್ಬರನ್ನ ತಿಂದುಹಾಕುತ್ತೆ, ಗಾಳೀಲಿರೋ ನೀರನ್ನೂ ಎಳ್ಕೊಳ್ಳುತ್ತೆ. ಎಷ್ಟು ದಿನದ್ದು ಇದು?"

"ಹದಿನಾಲ್ಕು ತಿಂಗಳು. ನನ್ನ ಹೆಂಡತಿ ತುಂಬಿಸಿದ್ದು."

ಟ್ಯಾಂಕನ್ನು ಬಸಿಯಲು ತಂದಿದ್ದ ಖಾಲಿ ಕ್ಯಾನನ್ನು ಆಕೆ ನನಗೆ ಕೊಟ್ಟಳು. "ನೀವೇ ಹಿಡೀರಿ."

ಪೆಟ್ರೋಲೆಲ್ಲ ಇಳಿದ ಮೇಲೆ ಬಿಳಿ ಕ್ಯಾನಿನ ತಳದಲ್ಲಿ ಕದಡಿದ ನೀರು ಬೇರೆಯೇ ಪದರವಾಗಿ ನಿಂತಿತು. ನಾನು ಕಾಪಾಡಿಕೊಂಡು ಬಂದದ್ದು ಇದನ್ನೇ. ದೇವರೇ, ಅವಳ ಹೆಸರಿನಲ್ಲಿ ತಮ್ಮನನ್ನು ಸುಡಹೊರಟಿದ್ದೆನಲ್ಲ.

ನೆಲಕ್ಕೆ ಮಣ್ಣು ಸುರಿದು, ಜನರೇಟರನ್ನು ಅಂಗಳದ ಆ ತುದಿಗೆ ಎಳೆದೆವು. ಆಕೆ ಎಥನಾಲ್ ತಡೆಯುವ ಪೈಪು ಹಾಕಿ, ಕಾರ್ಬುರೇಟರ್ ತೊಳೆದು, ಹೊಸ ಪೆಟ್ರೋಲು ಹೊಯ್ದಳು. ಸಿಲಿಂಡರಿನ ಮುಳ್ಳು ಕೆಂಪು ಗೆರೆ ದಾಟಿದಾಗ ಇಂಜಿನ್ ಹತ್ತಿತು.

"ಕರೆಂಟು ಬಂದ್ಮೇಲೆ ಟ್ಯಾಪು ಮುಚ್ಚಿ, ತಾನಾಗೇ ನಿಲ್ಲೋವರೆಗೂ ಓಡಿಸಿ. ಆಮೇಲೆ ಟ್ಯಾಂಕನ್ನ ಕ್ಯಾನಿಗೆ ಬಸಿದು ಖಾಲಿ ಮಾಡಿ. ಕ್ಯಾನಲ್ಲಿರೋದನ್ನೂ ತಿಂಗಳಿಗೊಮ್ಮೆ ಬದಲಾಯಿಸಿ. ತುಂಬಿಟ್ಟು ಪೂಜೆ ಮಾಡ್ತಾ ಕೂತ್ಕೋಬೇಡಿ," ಎಂದಳು.

ಸಂಜೆ ಕರೆಂಟು ಬಂತು. ಆಮ್ಲಜನಕದ ಯಂತ್ರದ ತಂತಿಯನ್ನು ಮತ್ತೆ ಗೋಡೆಯ ಪ್ಲಗ್ಗಿಗೆ ಚುಚ್ಚಿ, ಅಂಗಳಕ್ಕೆ ಹೋಗಿ ಟ್ಯಾಪು ಮುಚ್ಚಿದೆ. ಇಂಜಿನ್ ಇದ್ದಷ್ಟನ್ನು ಉರಿಸಿತು, ಒಮ್ಮೆ ಜೋರಾಯಿತು, ಕುಗ್ಗಿತು, ನಿಂತಿತು. ನನ್ನವಳೂ ಹೀಗೆಯೇ ನಿಂತದ್ದು.

ಒಳಗೆ ಓಡಿದೆ. ತಮ್ಮ ಕಣ್ಣು ಮುಚ್ಚಿದ್ದ. ಅವನ ಮೂಗಿನ ಬಳಿ ಬೆರಳು ಹಿಡಿದೆ.

"ಕೈ ತೆಗಿ ಅಣ್ಣಾ," ಎಂದ ಅವನು, "ಪೆಟ್ರೋಲ್ ವಾಸ್ನೆ."