ದಡದಲ್ಲಿ ಬಾಗಿ ನಿಂತ ಮನುಷ್ಯ

ನನ್ನ ಗಂಡನ ಜೊತೆ ಪ್ರವಾಸ ಹೋಗುವುದೆಂದರೆ ಅವರ ಬೆನ್ನು ನೋಡಿಕೊಂಡು ನಡೆಯುವುದು. ಹೆಗಲಿಗೆ ಕ್ಯಾಮೆರಾ, ಕೈಯಲ್ಲಿ ಮೂರು ಕಾಲಿನ ಸ್ಟ್ಯಾಂಡು ಹಿಡಿದು ಮುಂದೆ ಇವರು. ಊಟದ ಡಬ್ಬಿ, ನೀರಿನ ಬಾಟಲಿ, ಛತ್ರಿ, ಇವರ ಸ್ವೆಟರು ಎಲ್ಲ ಹೊತ್ತುಕೊಂಡು ಹಿಂದೆ ನಾನು. ಒಳ್ಳೆಯ ನೋಟ ಕಂಡರೆ ಸಾಕು, ಗಕ್ಕನೆ ನಿಲ್ಲುತ್ತಾರೆ. ಮುಖ ತಿರುಗುವುದಿಲ್ಲ, ಕೈ ಮಾತ್ರ ಹಿಂದಕ್ಕೆ ಬಂದು ಬೆರಳು ಅಲ್ಲಾಡುತ್ತದೆ. ನೀನು ಪಕ್ಕಕ್ಕೆ ಸರಿ ಎಂದು ಅರ್ಥ. ಬೆಟ್ಟದಲ್ಲಿ, ಸಮುದ್ರದ ದಂಡೆಯಲ್ಲಿ, ಸೇತುವೆಯ ಮೇಲೆ, ಎಲ್ಲ ಕಡೆಯೂ ನಾನು ಪಕ್ಕಕ್ಕೆ ಸರಿದವಳೇ. ಚಿತ್ರದಲ್ಲಿ ಮನುಷ್ಯರು ಬಂದರೆ ನೋಟ ಕೆಡುತ್ತದಂತೆ. ಒಮ್ಮೆ ಎಲ್ಲಿಂದಲೋ ಒಂದು ನಾಯಿ ಬಂದು ಬಯಲಿನ ನಡುವೆ ಕೂತುಬಿಟ್ಟಿತು. ಅದು ತನ್ನ ಪಾಡಿಗೆ ಎದ್ದು ಹೋಗುವ ತನಕ ನಾವಿಬ್ಬರೂ ಬಿಸಿಲಲ್ಲಿ ಹಪ್ಪಳವಾದೆವು.

ಹಾಗೆಂದು ಇವರ ಮೇಲೆ ನನಗೆ ಸಿಟ್ಟಿದೆ ಎಂದುಕೊಳ್ಳಬೇಡಿ. ಸಿಟ್ಟೇನೋ ಇದೆ, ಅದರ ಜೊತೆಗೆ ಮರುಕವೂ ಇದೆ. ಇವರಿಗೆ ಔಷಧಿ ಅಂಗಡಿಯಲ್ಲಿ ಕೆಲಸ. ಬೆಳಿಗ್ಗೆಯಿಂದ ಸಂಜೆಯ ತನಕ ಟ್ಯೂಬ್‌ಲೈಟಿನ ಕೆಳಗೆ ನಿಂತು, ಕೋಳಿ ಕೆದಕಿದ ಹಾಗಿರುವ ವೈದ್ಯರ ಬರಹ ಓದಿ, ಕೆಮ್ಮುವವರಿಗೂ ಕೊರಗುವವರಿಗೂ ಮಾತ್ರೆ ಕತ್ತರಿಸಿ ಕೊಡಬೇಕು. ಅಂಗಡಿಗೆ ಕಿಟಕಿಯಿಲ್ಲ. ಎದುರಿಗೆ ರಸ್ತೆ, ರಸ್ತೆಯ ಆಚೆ ಇನ್ನೊಂದು ಔಷಧಿ ಅಂಗಡಿ. ಅಂಥವರಿಗೆ ರಜೆಯ ದಿನ ಯಾರ ಮುಖವೂ ಕಾಣದ ಬಯಲು ಬೇಕೆನಿಸಿದರೆ ತಪ್ಪೇನು? ನಾನಾದರೋ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಬಟ್ಟೆ ಹೊಲಿಯುವವಳು. ನನಗೆ ಜನ ಬೇಕು, ಹರಟೆ ಬೇಕು.

ನಮ್ಮೂರಿನ ಛಾಯಾಚಿತ್ರ ಸಂಘದವರು ವರ್ಷಕ್ಕೊಮ್ಮೆ ಗ್ರಂಥಾಲಯದ ಮಹಡಿಯಲ್ಲಿ ಪ್ರದರ್ಶನ ಇಡುತ್ತಾರೆ. ಇವರು ಆ ಸಂಘ ಸೇರಿ ಎಷ್ಟೋ ವರ್ಷವಾಯಿತು. ಪ್ರತಿ ಸಲವೂ ಆಸೆಯಿಂದ ಚಿತ್ರ ಕಳಿಸುವುದು, ಪ್ರತಿ ಸಲವೂ ಮುಖ ಸಪ್ಪೆ ಮಾಡಿಕೊಂಡು ಬರುವುದು. ಬಹುಮಾನ ಹಾಗಿರಲಿ, ಇವರ ಒಂದು ಚಿತ್ರವೂ ಗೋಡೆ ಹತ್ತಿರಲಿಲ್ಲ. ‘ಚೆನ್ನಾಗಿದೆ, ಆದರೆ ಇಂಥವು ಬಹಳ ಬಂದಿವೆ’ ಎನ್ನುತ್ತಿದ್ದರಂತೆ. ಹೋದ ವರ್ಷ ಮನೆಗೆ ಬಂದವರೇ ಕ್ಯಾಮೆರಾವನ್ನು ಬೀರುವಿನ ತಲೆಯ ಮೇಲೆ ಎತ್ತಿಟ್ಟು, “ಇನ್ನೊಂದು ವರ್ಷ ನೋಡ್ತೀನಿ. ಆಗ್ಲೂ ಹಿಂಗೇ ಆದ್ರೆ ಇದನ್ನ ಮಾರಿಬಿಡ್ತೀನಿ. ನಂಗೆ ನೋಡೋ ಕಣ್ಣಿಲ್ಲ ಅಂತ ಒಪ್ಕೊಂಡ್ಬಿಡ್ತೀನಿ” ಎಂದರು. ಸಾಮಾನ್ಯವಾಗಿ ಇಂಥ ಮಾತಿಗೆ ನಾನು ಕಾಲೆಳೆಯದೆ ಬಿಡುವವಳಲ್ಲ. ಅವತ್ತು ಮಾತ್ರ ಕ್ಯಾಮೆರಾದ ಮೇಲೆ ಧೂಳು ಕೂರದಿರಲೆಂದು ಒಂದು ಬಟ್ಟೆ ಹೊದಿಸಿ ಬಂದೆ.

ಈ ವರ್ಷ ಊಟಕ್ಕೆ ಕೂತಿದ್ದಾಗ ಸಂಘದ ಕಾರ್ಯದರ್ಶಿಯ ಫೋನು ಬಂತು. ಮೊದಲ ಬಹುಮಾನ! ಇವರು ಎಂಜಲು ಕೈಯಲ್ಲೇ ಇಡೀ ಮನೆ ಸುತ್ತಿದರು. ಮಗಳಿಗೆ ಫೋನು, ಅಳಿಯನಿಗೆ ಬೇರೆ ಫೋನು. ಆ ವಾರ ಅಂಗಡಿಯಲ್ಲಿ ಯಾರಿಗೆ ಯಾವ ಮಾತ್ರೆ ಕೊಟ್ಟರೋ ದೇವರೇ ಬಲ್ಲ.

“ಯಾವ ಚಿತ್ರಕ್ಕೆ ರೀ ಬಂದಿದ್ದು?” ಎಂದು ಕೇಳಿದೆ.

“ಚಳಿಗಾಲದಲ್ಲಿ ಆ ಸರೋವರಕ್ಕೆ ಹೋಗಿದ್ವಲ್ಲ, ಅಲ್ಲೀದು. ನಾನು ಬೇಡ ಅಂತ ಬಿಟ್ಟಿದ್ದೆ ಕಣೇ, ಯಾವನೋ ಒಬ್ಬ ಅಡ್ಡ ಬಂದ್ಬಿಟ್ಟಿದ್ದ. ಕಾರ್ಯದರ್ಶಿಗಳು ರಾಶೀಲಿ ಹುಡುಕ್ತಾ ಹುಡುಕ್ತಾ, ಇದನ್ಯಾಕೆ ಬಿಟ್ರಿ, ಇದೂ ಇರ್ಲಿ ಅಂತ ಅವರೇ ತಗೊಂಡ್ರು.”

ನಾನು ಚಿತ್ರ ನೋಡಲು ಹೋಗಲಿಲ್ಲ. ಇವರ ಸರೋವರಗಳೆಲ್ಲ ನನ್ನ ಕಣ್ಣಿಗೆ ಒಂದೇ ಥರ. ಸಮಾರಂಭಕ್ಕೆ ಹಾಕಿಕೊಂಡು ಹೋಗಲಿ ಎಂದು ತಿಳಿನೀಲಿ ಬಟ್ಟೆ ತಂದು ಒಂದು ಅಂಗಿ ಹೊಲಿದು ಕೊಟ್ಟೆ.

ಗ್ರಂಥಾಲಯದ ಮಹಡಿಯಲ್ಲಿ ಮಡಿಸುವ ಕುರ್ಚಿಗಳು, ಮೂಲೆಯಲ್ಲಿ ಕಾಗದದ ಲೋಟಗಳ ಜೊತೆ ಚಹಾದ ಕೆಟಲು, ಗೋಡೆಯುದ್ದಕ್ಕೂ ಚಿತ್ರಗಳು. ಇವರದನ್ನು ಎಲ್ಲಕ್ಕಿಂತ ದೊಡ್ಡದಾಗಿ ಮುದ್ರಿಸಿ, ಬಾಗಿಲಿಗೆ ಎದುರಾಗಿ ತೂಗುಹಾಕಿದ್ದರು. ಮಂಜು ಮುಸುಕಿದ ಬೂದುಬಣ್ಣದ ನೀರು. ದಡದಲ್ಲಿ ನಮಗೆ ಬೆನ್ನು ಮಾಡಿ, ಮೊಣಕಾಲಿನ ತನಕ ಇಳಿಬಿದ್ದ ಕೋಟಿನೊಳಗೆ ಬಾಗಿ ನಿಂತ ಒಬ್ಬ ಮನುಷ್ಯ. ಕೆಳಗಿನ ಚೀಟಿಯಲ್ಲಿ ಇವರ ಹೆಸರು, ಅದರ ಮೇಲೆ ‘ಮುಂಜಾನೆಯ ಮೌನ’ ಎಂಬ ಶೀರ್ಷಿಕೆ.

ನಾನು ಹತ್ತಿರ ಹೋಗಿ ನೋಡಿದೆ. ಆ ಮನುಷ್ಯ ಇವರೇ.

ಅವತ್ತು ವಿಪರೀತ ಚಳಿ. ವಸತಿಗೃಹದ ಕಾವಲುಗಾರ ಪಾಪ ಅಂತ ಇವರಿಗೆ ತನ್ನ ಕೋಟು ಕೊಟ್ಟಿದ್ದ. ದಡದ ಕೆಸರಿನಲ್ಲಿ ಸ್ಟ್ಯಾಂಡಿನ ಒಂದು ಕಾಲು ಹೂತುಹೋಗುತ್ತಿತ್ತು. ಇವರು ಕ್ಯಾಮೆರಾವನ್ನು ನನ್ನ ಕೈಗೆ ತುರುಕಿ, “ಹಿಡ್ಕೊ, ಏನೂ ಒತ್ತಬೇಡ” ಎಂದು ಹೇಳಿ, ಕಾಲಿನ ಅಡಿಗೆ ಇಡಲು ಚಪ್ಪಟೆ ಕಲ್ಲು ಹುಡುಕುತ್ತಾ ನೀರಿನ ಅಂಚಿಗೆ ಹೋದರು. ತರಕಾರಿ ಆರಿಸುವವರ ಹಾಗೆ ಒಂದೊಂದೇ ಕಲ್ಲು ಎತ್ತುವುದು, ತಿರುಗಿಸುವುದು, ಬಿಸಾಡುವುದು. ನನಗೂ ಹೊತ್ತು ಹೋಗಬೇಕಲ್ಲ, ಕ್ಯಾಮೆರಾದ ಕಿಂಡಿಯೊಳಗೆ ಕಣ್ಣಿಟ್ಟೆ. ಅಷ್ಟು ದೊಡ್ಡ ನೀರಿನ ಮುಂದೆ ಇವರು ಇಷ್ಟೇ ಇಷ್ಟು ಕಂಡರು. ಜಾರಿಬಿದ್ದಾರು ಎಂದು ಎದೆ ಧಸಕ್ಕೆಂದಿತು. ಯಾಕೋ ಒತ್ತಿದೆ. ಹೇಳಿದರೆ ಬೈಸಿಕೊಳ್ಳಬೇಕಾಗುತ್ತದೆ ಎಂದು ಸುಮ್ಮನಾದೆ, ಆಮೇಲೆ ಮರೆತೂಬಿಟ್ಟೆ.

ಇವರು ತಮ್ಮನ್ನು ತಾವೇ ಗುರುತಿಸಲಿಲ್ಲವೇ ಎಂದು ನೀವು ಕೇಳಬಹುದು. ಮುಖವನ್ನಾದರೆ ದಿನವೂ ಕನ್ನಡಿಯಲ್ಲಿ ನೋಡುತ್ತೇವೆ. ಬೆನ್ನು ಬೇರೆಯವರ ಪಾಲಿನದು. ಅದರ ಮೇಲೆ ಇನ್ನೊಬ್ಬನ ಕೋಟು ಬೇರೆ.

ಇವರ ಸುತ್ತ ಜನ ನೆರೆದಿದ್ದರು. “ಯಾರ್ ಸಾರ್ ಆ ಮನುಷ್ಯ?” ಎಂದು ಯಾರೋ ಕೇಳಿದರು.

“ಅಲ್ಲೇ ಸುತ್ತಮುತ್ತ ಇರೋನು ಅನ್ಸುತ್ತೆ,” ಎಂದರು ಇವರು. “ವಯಸ್ಸಾಗಿದೆ ಪಾಪ. ನೋಡಿ, ಹಿಂದ್ಗಡೆ ಪೂರ್ತಿ ಬೋಳು. ಬೆನ್ನೂ ಬಗ್ಗಿಹೋಗಿದೆ.”

ನಗು ಒತ್ತಿಕೊಂಡು ಬಂತು. ನಗುವ ಮೊದಲೇ ಕಣ್ಣು ತುಂಬಿಕೊಂಡಿತು. ಬಾಯಿ ಬಿಡಬಾರದು ಎಂದು ಆ ಕ್ಷಣವೇ ನಿರ್ಧರಿಸಿದೆ. ಇಷ್ಟು ವರ್ಷಕ್ಕೆ ಒಂದು ಬಹುಮಾನ, ಇವರ ಮುಖದಲ್ಲಿ ಅಂಥ ಕಳೆಯನ್ನು ನಾನು ಮಗಳು ಹುಟ್ಟಿದ ದಿನ ಬಿಟ್ಟರೆ ನೋಡಿರಲಿಲ್ಲ. ಅದಕ್ಕೆ ನನ್ನ ಕೈಯಿಂದಲೇ ಕಲ್ಲು ಹಾಕಲೇ?

ಸಭೆ ಶುರುವಾಯಿತು. ತೀರ್ಪು ಕೊಟ್ಟವರು ನಿವೃತ್ತ ಚಿತ್ರಕಲಾ ಶಿಕ್ಷಕಿ, ಸಣ್ಣ ದನಿಯ ಹೆಂಗಸು. “ಬೆಟ್ಟ, ನೀರು, ಸೂರ್ಯ ಎಲ್ಲರೂ ತೆಗೀತಾರೆ,” ಎಂದರು. “ಇದನ್ನ ತೆಗೆದವರು ಸರೋವರ ನೋಡ್ತಾನೇ ಇಲ್ಲ. ಆ ಮನುಷ್ಯನ್ನ ನೋಡ್ತಿದ್ದಾರೆ. ಎಲ್ಲಿ ಬಿದ್ದುಬಿಡ್ತಾನೋ ಅಂತ ಜೀವ ಕೈಲಿ ಹಿಡ್ಕೊಂಡು ನೋಡ್ತಿದ್ದಾರೆ. ಅದಕ್ಕೇ ಬಹುಮಾನ.”

ನಾನು ಸೆರಗಿನಲ್ಲಿ ಮೂಗು ಒರೆಸಿಕೊಂಡೆ. ಅಷ್ಟರಲ್ಲಿ ಇವರ ಕೈಗೆ ಮೈಕು ಕೊಟ್ಟರು. ಜನ್ಮದಲ್ಲಿ ಮೈಕು ಹಿಡಿದವರಲ್ಲ, ಹಿಡಿದ ಕೂಡಲೇ ಏನಾಯಿತೋ, “ಆ ಮನುಷ್ಯನಿಗೋಸ್ಕರ ನಾನು ಚಳೀಲಿ ಗಂಟೆಗಟ್ಟಲೆ ಕಾದೆ. ಕಲಾವಿದನಿಗೆ ತಾಳ್ಮೆ ಬೇಕು” ಎಂದುಬಿಟ್ಟರು.

ಮೈಯೆಲ್ಲ ಉರಿದುಹೋಯಿತು. ಚಿತ್ರ ತಮ್ಮದೆಂದಿದ್ದಕ್ಕಲ್ಲ, ಅದು ಗೊತ್ತಿಲ್ಲದೆ ಆದದ್ದು. ಕಾದೆ ಎಂದರಲ್ಲ! ಚಳಿಯಲ್ಲಿ, ಬಿಸಿಲಲ್ಲಿ, ಬಸ್ ನಿಲ್ದಾಣದಲ್ಲಿ, ನಾಯಿಯ ಮುಂದೆ, ಕಾದವಳು ನಾನು. ಪದಕ ಕೊಡುವುದು ಚಹಾ ಆದ ಮೇಲೆ ಎಂದರು. ನಾನು ನೆಟ್ಟಗೆ ಇವರ ಬಳಿಗೆ ಹೋಗಿ ತೋಳು ಹಿಡಿದು ಚಿತ್ರದ ಮುಂದೆ ನಿಲ್ಲಿಸಿದೆ.

“ಕನ್ನಡಕ ಹಾಕ್ಕೊಂಡು ಆ ಮನುಷ್ಯನ್ನ ಸರಿಯಾಗಿ ನೋಡಿ.”

“ನೋಡಿದ್ದೀನಲ್ಲೇ.”

“ಆ ಕೋಟು ಯಾರದ್ದು?”

ಇವರು ಬಗ್ಗಿ ನೋಡಿದರು. ಇನ್ನೂ ಹತ್ತಿರ ಹೋದರು. ಆಮೇಲೆ ಇವರ ಬಲಗೈ ಮೆಲ್ಲಗೆ ಮೇಲೆದ್ದು ತಲೆಯ ಹಿಂಭಾಗವನ್ನು ಸವರಿತು.

“ಅವತ್ತು ಕ್ಯಾಮೆರಾ...”

“ನನ್ನ ಕೈಲಿತ್ತು.”

“ಒತ್ತಬೇಡ ಅಂದಿದ್ದೆ.”

“ಒತ್ತಿದೆ.”

ಇವರು ಮತ್ತೊಮ್ಮೆ ಚಿತ್ರದ ಕಡೆ ಬಗ್ಗಿದರು. ಆಮೇಲೆ, “ನನ್ನ ಬೆನ್ನು ಇಷ್ಟು ಬಗ್ಗಿದೆಯಾ?” ಎಂದು ಕೇಳಿದರು.

“ಮೂರು ವರ್ಷದಿಂದ ನಿಮ್ಮ ಅಂಗಿಗೆ ಬೆನ್ನಿನ ಕಡೆ ಉದ್ದ ಜಾಸ್ತಿ ಇಟ್ಟು ಕತ್ತರಿಸ್ತಿದ್ದೀನಿ. ಇಲ್ದಿದ್ರೆ ಹಿಂದ್ಗಡೆ ಮೇಲಕ್ಕೆ ಎಳ್ಕೊಳ್ಳುತ್ತೆ.”

“ಹೇಳೋದಲ್ವಾ?”

“ನೀವು ತಿರುಗಿದ್ರೆ ತಾನೆ ಹೇಳೋದು.”

ಹೇಳಿದ ಮೇಲೆ ಇವರ ಮುಖ ನೋಡಿದೆ. ನೋಡಬಾರದಿತ್ತು. ಬಂದಿದ್ದ ಕಳೆಯೆಲ್ಲ ಇಳಿದುಹೋಗಿತ್ತು. ನನ್ನ ನಾಲಿಗೆಗೆ ಬೆಂಕಿ ಬೀಳಲಿ ಎನಿಸಿತು. “ಹೋಗ್ಲಿ ಬಿಡಿ ರೀ,” ಎಂದು ತೋಳು ಅದುಮಿದೆ. “ಪದಕ ತಗೊಂಡು ಮನೆಗೆ ಹೋಗೋಣ. ನಾನು ಯಾರಿಗೂ ಹೇಳಲ್ಲ. ಗಂಡ ಹೆಂಡ್ತೀಲಿ ಯಾರು ಒತ್ತಿದ್ರೇನು?”

ಇವರು ಕೈಯಲ್ಲಿದ್ದ ಚಹಾದ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಸೀದಾ ಮೈಕಿನ ಹತ್ತಿರ ನಡೆದರು. ತಡೆಯಲು ಕೈ ಚಾಚಿದೆ, ಸಿಗಲಿಲ್ಲ.

“ಆ ಚಿತ್ರ ನಂದಲ್ಲ, ನನ್ನ ಹೆಂಡ್ತೀದು,” ಎಂದರು. ಮೈಕಿನಲ್ಲೂ ದನಿ ಸಣ್ಣಗಿತ್ತು. “ನನಗೆ ಈಗ್ತಾನೆ ಗೊತ್ತಾಯ್ತು. ನಾನು ಕಾದೆ ಅಂದಿದ್ದು ಸುಳ್ಳು. ನಾನು ಕಲ್ಲು ಹುಡುಕ್ತಿದ್ದೆ.”

ಒಂದಿಬ್ಬರು ನಕ್ಕರು. ಕಾರ್ಯದರ್ಶಿ ತಲೆ ಕೆರೆದುಕೊಂಡು, ಬಹುಮಾನ ಸದಸ್ಯರಿಗೆ ಮಾತ್ರ, ನಿಯಮ ನಿಯಮವೇ, ಎಂದು ಬಹಳ ಮುಜುಗರದಿಂದ ಹೇಳಿದರು. ಪದಕ ಎರಡನೆಯ ಸ್ಥಾನದ ಸೂರ್ಯಾಸ್ತದ ಪಾಲಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು, ಇವರೂ ತಟ್ಟಿದರು. ಆಮೇಲೆ ಕಿಟಕಿಯ ಬಳಿ ಹೋಗಿ ರಸ್ತೆ ನೋಡುತ್ತಾ ನಿಂತರು.

ನನಗೆ ಹೋದ ವರ್ಷದ ಮಾತು ನೆನಪಾಯಿತು. ಪಕ್ಕಕ್ಕೆ ಹೋಗಿ ನಿಂತು ಕೇಳಿದೆ. “ಕ್ಯಾಮೆರಾ ಮಾರ್ತೀರಾ?”

“ಮಾರೋಕೆ ಅದು ನನ್ನೊಬ್ಬಂದಾ?” ಎಂದರು ಇವರು. ದನಿಯಲ್ಲಿ ಬೇಸರವಿತ್ತು, ಸಿಟ್ಟಿರಲಿಲ್ಲ. ನನಗೆ ಅಷ್ಟು ಸಾಕಾಗಿತ್ತು.

ಚಿತ್ರವನ್ನು ಇಳಿಸಕೂಡದು ಎಂದು ಆ ಶಿಕ್ಷಕಿ ಹಟ ಹಿಡಿದಿದ್ದರಂತೆ. ಕಾರ್ಯದರ್ಶಿ ಖಾಲಿ ಚೀಟಿ, ಪೆನ್ನು ಹಿಡಿದುಕೊಂಡು ನನ್ನನ್ನು ಹುಡುಕಿಕೊಂಡು ಬಂದರು. ನನ್ನ ಹೆಸರು ಬರೆದುಕೊಂಡು, “ಶೀರ್ಷಿಕೆ ‘ಮುಂಜಾನೆಯ ಮೌನ’ ಅಂತಾನೇ ಇರ್ಲಾಮ್ಮ?” ಎಂದು ಕೇಳಿದರು.

“ಮೌನ ಎಲ್ಲಿತ್ತು? ಇವರು ಕಲ್ಲುಗಳಿಗೆ ಬೈತಾ ಇದ್ರು.”

“ಮತ್ತೇನಂತ ಬರೀಲಿ?”

ನಾನು ಶೀರ್ಷಿಕೆ ಕೊಟ್ಟು ಅಭ್ಯಾಸವಿರುವವಳಲ್ಲ. ಚಿತ್ರದಲ್ಲಿ ಯಾರಿದ್ದಾರೋ ಅದನ್ನೇ ಹೇಳಿದೆ.

“‘ನಮ್ಮ ಮನೆಯವರು’ ಅಂತ ಬರೀರಿ.”

ಚೀಟಿ ಅಂಟಿಸಿದ ಮೇಲೆ ಜನ ಮತ್ತೆ ಆ ಚಿತ್ರದ ಮುಂದೆ ಸೇರಿದರು. ಓದಿದವರು ನಗುತ್ತಿದ್ದರು, ಇನ್ನೊಬ್ಬರಿಗೆ ತೋರಿಸುತ್ತಿದ್ದರು. ತಡವಾಗಿ ಬಂದ ಒಬ್ಬ ಹೆಂಗಸಿಗೆ ನಡೆದದ್ದೇನೂ ಗೊತ್ತಿರಲಿಲ್ಲ. ಚೀಟಿ ಓದಿ, ಪಕ್ಕದವರು ಕೈ ತೋರಿಸಿದಾಗ ನನ್ನ ಕಡೆ ತಿರುಗಿ, “ಇದು ನೀವು ತೆಗೆದಿದ್ದಂತೆ? ಎಲ್ಲಮ್ಮ ನಿಮ್ಮ ಮನೆಯವರು, ಬಂದಿಲ್ವಾ?” ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಇವರು ಕಿಟಕಿಯಿಂದ ಬಂದು, ಜನರ ನಡುವೆ ದಾರಿ ಮಾಡಿಕೊಂಡು, ಚಿತ್ರದ ಪಕ್ಕದಲ್ಲಿ ನಿಂತರು. ಕಾಲರು ಸರಿಮಾಡಿಕೊಂಡರು. ಆಮೇಲೆ ನಿಧಾನವಾಗಿ ತಿರುಗಿ, ಬೋಳು ತಲೆ, ಬಾಗಿದ ಬೆನ್ನು ಎಲ್ಲರಿಗೂ ಕಾಣುವ ಹಾಗೆ ಗೋಡೆಗೆ ಮುಖ ಮಾಡಿದರು.

“ನಾನೇ,” ಎಂದರು.